ವಾರಂಟಿ, ಗ್ಯಾರಂಟಿ: ಫ್ರೆಂಚರ ಬಾಯಲ್ಲಿ ಎರಡಾದ ಒಂದು ಪದ – ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ಸ್ನೇಹಿತನ ಜೊತೆ ಮಿಕ್ಸಿ ಕೊಳ್ಳಲು ಹೋಗಿದ್ದೆ. ಅಂಗಡಿ ಹುಡುಗ ಡಬ್ಬ ತಿರುಗಿಸಿ, "ಮೋಟಾರ್‌ಗೆ ಐದು ವರ್ಷ ವಾರಂಟಿ ಸಾರ್, ಜಾರ್‌ಗೆ ಗ್ಯಾರಂಟಿ ಇಲ್ಲ" ಅಂದ. ಎರಡೂ ಒಂದೇ ಪದ ಕಣೋ ಅಂತ ಸ್ನೇಹಿತನ ಕಿವಿಯಲ್ಲಿ ಹೇಳಿದೆ. ಅವನು ನಂಬಲಿಲ್ಲ. ಆಮೇಲೆ ಮನೆಯಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಎತ್ತಿದಾಗಲೆಲ್ಲ ಪ್ರಶ್ನೆಗಳು ಬಂದವು. ಆ ಪ್ರಶ್ನೆಗಳೂ ನಾನು ಕೊಡುವ ಉತ್ತರಗಳೂ ಇಲ್ಲಿವೆ.

ವಾರಂಟಿ, ಗ್ಯಾರಂಟಿ ನಿಜವಾಗಿ ಒಂದೇ ಪದವಾ?

ಹೌದು. ಹುಟ್ಟಿನಲ್ಲಿ ಒಂದೇ. ಎರಡೂ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಆದರೆ ಒಂದೇ ಫ್ರೆಂಚಿನಿಂದ ಅಲ್ಲ. ಉತ್ತರ ಫ್ರಾನ್ಸಿನ ನಾರ್ಮಂಡಿ ಕಡೆಯವರು ಈ ಪದವನ್ನು 'ವ' ಇಟ್ಟು ಹೇಳುತ್ತಿದ್ದರು. ಪ್ಯಾರಿಸ್ ಸುತ್ತಮುತ್ತಲಿನವರು 'ಗ' ಇಟ್ಟು ಹೇಳುತ್ತಿದ್ದರು. ಇಂಗ್ಲಿಷಿನವರು ಮೊದಲು ನಾರ್ಮಂಡಿಯವರಿಂದ ಒಂದನ್ನು ತೆಗೆದುಕೊಂಡರು, ಕೆಲವು ನೂರು ವರ್ಷ ಬಿಟ್ಟು ಇನ್ನೊಂದನ್ನೂ ತೆಗೆದುಕೊಂಡರು. ಮೊದಲು ತಂದದ್ದನ್ನು ಬಿಡಲಿಲ್ಲ. ಇಂಗ್ಲಿಷಿಗೆ ಆ ಅಭ್ಯಾಸ ಮೊದಲಿಂದಲೂ ಇದೆ, ಹಳೇ ಪಾತ್ರೆಯನ್ನು ಎಸೆಯದ ಅಜ್ಜಿಯ ಹಾಗೆ.

ಹಾಗಾದರೆ ಅಂಗಡಿಯಲ್ಲಿ ಎರಡಕ್ಕೂ ಬೇರೆ ಅರ್ಥ ಯಾಕೆ?

ಎರಡು ಪದ ಕೈಯಲ್ಲಿದ್ದರೆ ಜನ ಎರಡು ಕೆಲಸ ಕೊಡುತ್ತಾರೆ. ನಮ್ಮ ಅಂಗಡಿಗಳಲ್ಲಿ ವಾರಂಟಿ ಅಂದರೆ ರಿಪೇರಿ ಮಾಡಿಕೊಡುತ್ತೇವೆ, ಗ್ಯಾರಂಟಿ ಅಂದರೆ ಹೊಸದನ್ನೇ ಕೊಡುತ್ತೇವೆ ಅನ್ನುವ ರೂಢಿ ಬೆಳೆದಿದೆ. ಇದು ವ್ಯಾಪಾರದ ಮಾತು, ಪದದ ಹುಟ್ಟಿಗೂ ಇದಕ್ಕೂ ಸಂಬಂಧ ಇಲ್ಲ.

ಕಾನೂನು ಬೇರೆ ಥರ ಹಂಚಿಕೊಂಡಿದೆ. 1872ರ ಭಾರತೀಯ ಕರಾರು ಕಾಯ್ದೆಯ 126ನೇ ಕಲಂ ಪ್ರಕಾರ ಗ್ಯಾರಂಟಿ ಅಂದರೆ ಮೂರು ಜನರ ವ್ಯವಹಾರ: ಸಾಲ ಕೊಟ್ಟವನು, ಸಾಲ ತಗೊಂಡವನು, ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ನಿಂತವನು. 1930ರ ಸರಕು ಮಾರಾಟ ಕಾಯ್ದೆಯ 12ನೇ ಕಲಮಿನಲ್ಲಿ ವಾರಂಟಿ ಬರುತ್ತದೆ. ಅಲ್ಲಿ ಇಬ್ಬರೇ, ಮಾರುವವನು ಮತ್ತು ಕೊಳ್ಳುವವನು. ವಾರಂಟಿ ಮುರಿದರೆ ನಷ್ಟ ಕೇಳಬಹುದು, ಆದರೆ ಅದೊಂದೇ ಕಾರಣಕ್ಕೆ ಸರಕನ್ನೇ ಬೇಡ ಅಂತ ವಾಪಸ್ ಮಾಡುವ ಹಕ್ಕು ಬರುವುದಿಲ್ಲ. ಅಂಗಡಿ ಹುಡುಗನ ಲೆಕ್ಕವೇ ಬೇರೆ, ವಕೀಲರ ಲೆಕ್ಕವೇ ಬೇರೆ.

ಮೂಲ ಪದ ಯಾವುದು? ಲ್ಯಾಟಿನ್ನಾ?

ಅಲ್ಲ. ಫ್ರೆಂಚ್ ಲ್ಯಾಟಿನ್ನಿನ ಮಗಳು ಅನ್ನೋದು ಸರಿ. ಆದರೆ ಈ ಪದ ತಾಯಿಯ ಕಡೆಯದಲ್ಲ. 5ನೇ ಶತಮಾನದ ಹೊತ್ತಿಗೆ ಫ್ರಾಂಕರು ಅನ್ನುವ ಜರ್ಮ್ಯಾನಿಕ್ (ಜರ್ಮನ್, ಇಂಗ್ಲಿಷ್ ಸೇರಿದ ಭಾಷಾ ಕುಟುಂಬದ) ಜನ ಈಗಿನ ಉತ್ತರ ಫ್ರಾನ್ಸನ್ನು ಆಳಲು ಶುರುಮಾಡಿದರು. ಫ್ರಾನ್ಸ್ ಅನ್ನುವ ಹೆಸರೇ ಅವರದು. ಆಳುವವರು ಅವರು, ಆದರೆ ಕೆಳಗಿನ ಜನರ ಲ್ಯಾಟಿನ್ ಆಡುಮಾತೇ ಕೊನೆಗೆ ಗೆದ್ದಿತು. ಸೋತ ಭಾಷೆ ಸುಮ್ನೆ ಹೋಗಲಿಲ್ಲ, ನೂರಾರು ಪದ ಬಿಟ್ಟು ಹೋಯಿತು. ಯುದ್ಧ, ಕಾವಲು, ಒತ್ತೆ, ಹೊಣೆ, ಈ ಥರದ ಪದಗಳು.

ಅದರಲ್ಲೊಂದು 'ವಾರಂಡ್' ಅನ್ನುವಂಥ ಪದ. ಫ್ರಾಂಕರು ತಮ್ಮ ಭಾಷೆಯನ್ನು ಹೆಚ್ಚು ಬರೆದಿಡಲಿಲ್ಲ, ಹಾಗಾಗಿ ಇದು ಪಂಡಿತರು ಕೂಡಿಸಿ ಕಂಡುಕೊಂಡ ರೂಪ. ಬೆನ್ನಿಗೆ ನಿಲ್ಲುವವನು, ಹೊಣೆ ಹೊರುವವನು ಅಂತ ಅರ್ಥ. ಜರ್ಮನ್ನಿನಲ್ಲಿ ಇದರ ದಾಯಾದಿ ಇನ್ನೂ ಬದುಕಿದೆ: 'ಗೆವೇರ್'. ಜರ್ಮನಿಯಲ್ಲಿ ಲಾಟರಿ ನಂಬರು ಹೇಳುವಾಗ 'ಓನೆ ಗೆವೇರ್' ಅಂತ ಸೇರಿಸುತ್ತಾರೆ, ತಪ್ಪಿದ್ದರೆ ನಾವು ಹೊಣೆಯಲ್ಲ ಅಂತ. ತಮಾಷೆ ಅಂದರೆ ಜರ್ಮನ್ನರು ಆಮೇಲೆ ಫ್ರೆಂಚಿನಿಂದ 'ಗರಂಟೀ' ಅಂತಲೂ ತಗೊಂಡರು. ತಮ್ಮ ಮನೆಯ ಪದವೇ ಫ್ರೆಂಚ್ ಬಟ್ಟೆ ಹಾಕಿಕೊಂಡು ವಾಪಸ್ ಬಂತು.

ಗಮನಿಸಿ, ಮೊದಲಿಗೆ ಇದು ವಸ್ತುವಿನ ಹೆಸರಲ್ಲ, ಮನುಷ್ಯನ ಹೆಸರು. ನಮ್ಮಲ್ಲಿ 'ಜಾಮೀನು' ಇದ್ದ ಹಾಗೆ. ಅದೂ ಹೊಣೆಗಾರ ಅನ್ನುವ ಅರ್ಥದ ಅರಬ್ಬಿ ಪದದಿಂದ ಬಂದದ್ದು. ಜಮೀನಿಗೂ ಜಾಮೀನಿಗೂ ಸಂಬಂಧ ಇಲ್ಲ, ಜಮೀನು ಪಾರ್ಸಿ ಪದ. ಆದರೆ ಇಂಗ್ಲೆಂಡಿನಲ್ಲಿ ವಾರಂಟಿ ಜಮೀನಿಗೇ ಅಂಟಿಕೊಂಡಿತ್ತು. ಭೂಮಿ ಮಾರಿದವನು ಈ ಹಕ್ಕು ನಿನ್ನದೇ ಅಂತ ವಾರಂಟಿ ಕೊಡುತ್ತಿದ್ದ. ಮುಂದೆ ಯಾರಾದರೂ ತಕರಾರು ತೆಗೆದರೆ ಅವನೇ ಕೋರ್ಟಿಗೆ ಬಂದು ನಿಲ್ಲಬೇಕು. ಸೋತರೆ ಅಷ್ಟೇ ಬೆಲೆಯ ಬೇರೆ ಭೂಮಿ ಕೊಡಬೇಕು. ಅಂದರೆ ರಿಪ್ಲೇಸ್‌ಮೆಂಟು ಆಗ ವಾರಂಟಿಯಲ್ಲೇ ಇತ್ತು!

'ವ' ಹೋಗಿ 'ಗ' ಬರುವುದು ಹೇಗೆ? ಎರಡೂ ಎಲ್ಲಿಂದೆಲ್ಲಿಗೆ?

ಎಲ್ಲರೂ ಇಲ್ಲೇ ತಡೆದು ನಿಲ್ಲುತ್ತಾರೆ. ಕನ್ನಡದ 'ವ' ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಥವಾಗುವುದಿಲ್ಲ. ನಾವು ವ ಹೇಳುವಾಗ ಬಹುತೇಕ ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತದೆ. ಫ್ರಾಂಕರದ್ದು ಇಂಗ್ಲಿಷಿನ 'ವಾಟರ್'ನಲ್ಲಿರುವ ದುಂಡು ವ.

ಒಂದು ಸಣ್ಣ ಪ್ರಯೋಗ ಮಾಡಿ. 'ಉ' ಅನ್ನಿ, ಹಾಗೇ ಬೇಗ 'ಆ'ಗೆ ಜಾರಿ: ಉಆ, ಉಆ. ತುಟಿ ದುಂಡಗಾಯಿತು, ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಬಾಯಿಯ ಹಿಂದೆ ನಡೆಯುತ್ತದೆ. ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳದ ಮೆತ್ತಗಿನ ಭಾಗದ ಹತ್ತಿರ ಹೋಗಿರುತ್ತದೆ. ಈಗ ಅದನ್ನೇ ಸ್ವಲ್ಪ ಒತ್ತಿ ಹೇಳಿ. ನಾಲಿಗೆ ಅಂಗುಳಕ್ಕೆ ತಾಗಿಬಿಟ್ಟರೆ? 'ಗ್ವಾ' ಆಗುತ್ತದೆ. ಗ ಹುಟ್ಟುವ ಜಾಗ ಅದೇ ತಾನೆ. ಅಂದರೆ ಗ ಎಲ್ಲಿಂದಲೋ ಹಾರಿ ಬಂದು ಕೂತದ್ದಲ್ಲ. ಆ ದುಂಡು ವ ಒಳಗೇ ಅರ್ಧ ಗ ಅಡಗಿತ್ತು.

ಮೊದಲ ಹೆಜ್ಜೆ ವ ಹೋಗಿ ಗ್ವ ಆದದ್ದು. ಎರಡನೇ ಹೆಜ್ಜೆಯಲ್ಲಿ ಫ್ರೆಂಚರು ಆ ದುಂಡು ಬಾಲವನ್ನು ಕತ್ತರಿಸಿದರು. ಗ್ವ ಹೋಗಿ ಬರೀ ಗ ಉಳಿಯಿತು. ಇಟಲಿಯವರು ಮೊದಲ ಹೆಜ್ಜೆಯಲ್ಲೇ ನಿಂತರು, ಅವರು ಇವತ್ತಿಗೂ ಯುದ್ಧಕ್ಕೆ 'ಗ್ವೆರ್ರಾ' ಅನ್ನುತ್ತಾರೆ. ಫ್ರೆಂಚರದ್ದು 'ಗೆರ್'. ಇಂಗ್ಲಿಷಿನದ್ದು 'ವಾರ್', ನಾರ್ಮಂಡಿ ಕಡೆಯ 'ವೆರ್ರೆ'ಯಿಂದ ಬಂದದ್ದು. ಮೂರೂ ಒಂದೇ ಪದ. ಹೆಸರುಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ: ಜರ್ಮನ್ನರ ವಿಲ್‌ಹೆಲ್ಮ್, ಇಂಗ್ಲಿಷರ ವಿಲಿಯಂ, ಫ್ರೆಂಚರ ಗಿಯೋಮ್, ಸ್ಪೇನಿನವರ ಗಿಯೆರ್ಮೊ, ಇಟಲಿಯ ಗುಲ್ಯೆಲ್ಮೊ. ರೇಡಿಯೊ ಮಾರ್ಕೋನಿಯ ಹೆಸರು ಗುಲ್ಯೆಲ್ಮೊ. ನಮ್ಮ ಲೆಕ್ಕದಲ್ಲಿ ಅವನು ವಿಲಿಯಂ ಮಾರ್ಕೋನಿ.

ಲ್ಯಾಟಿನ್ನಿನಲ್ಲಿ ವ ಇರಲಿಲ್ಲವಾ? ಅದನ್ನೇ ಇಟ್ಟುಕೊಳ್ಳಬಹುದಿತ್ತಲ್ಲ?

ಒಳ್ಳೇ ಪ್ರಶ್ನೆ. ಹಳೇ ಲ್ಯಾಟಿನ್ನಿನಲ್ಲಿ ದುಂಡು ವ ಇತ್ತು. ದ್ರಾಕ್ಷಾರಸಕ್ಕೆ ಅವರು 'ವೀನುಂ' ಅನ್ನುವಾಗ ಅದು ದುಂಡು ವ. ಇಂಗ್ಲಿಷಿನ ಹಿರಿಯರು ಆ ಕಾಲದಲ್ಲೇ ಪದ ತಗೊಂಡರು, ಅದಕ್ಕೇ 'ವೈನ್'ನಲ್ಲಿ ಇವತ್ತಿಗೂ ದುಂಡು ವ ಇದೆ. ಆಮೇಲೆ ಲ್ಯಾಟಿನ್ ಆಡುವವರ ಬಾಯಲ್ಲಿ ಅದು ಹಲ್ಲು ತಾಗುವ ವ ಆಯಿತು. ದ್ರಾಕ್ಷಿ ಬಳ್ಳಿಗೆ ಇಂಗ್ಲಿಷರು ಅನ್ನುವ ಇನ್ನೊಂದು 'ವೈನ್', ಹಲ್ಲು ತಾಗಿಸಿ ಹೇಳುವುದು, ಈ ಎರಡನೇ ಕಾಲದ್ದು. ಕನ್ನಡದಲ್ಲಿ ಬರೆದರೆ ಎರಡೂ ವೈನೇ, ಏನು ಮಾಡೋದು.

ಫ್ರಾಂಕರು ಬರುವ ಹೊತ್ತಿಗೆ ಸ್ಥಳೀಯರಿಗೆ ದುಂಡು ವ ಮರೆತೇ ಹೋಗಿತ್ತು. ಪರಕೀಯ ದನಿ ಕೇಳಿತು, ತಮ್ಮ ಹತ್ತಿರ ಇದ್ದ ಅತಿ ಸಮೀಪದ ದನಿ ಕೊಟ್ಟರು. ಅದು ಗ್ವ. ಫ್ರಾಂಕರ ಪ್ರಭಾವ ಎಷ್ಟಿತ್ತೆಂದರೆ ಶುದ್ಧ ಲ್ಯಾಟಿನ್ ಪದಗಳಿಗೂ ಈ ಗಾಳಿ ಬೀಸಿತು. ಲ್ಯಾಟಿನ್ನಿನ 'ವೆಸ್ಪಾ', ಅಂದರೆ ಕಣಜ, ಫ್ರೆಂಚಿನಲ್ಲಿ 'ಗೆಪ್' ಆಯಿತು. ಇಟಲಿಯವರ ವೆಸ್ಪಾ ಸ್ಕೂಟರಿನ ಹೆಸರು ಇದೇ ಕಣಜದ್ದು.

ನಾರ್ಮಂಡಿಯವರು ಮಾತ್ರ ಯಾಕೆ ವ ಉಳಿಸಿಕೊಂಡರು?

ನಾರ್ಮಂಡಿ ಒಂದೇ ಅಲ್ಲ. ಪಿಕಾರ್ಡಿ, ಈಗಿನ ಬೆಲ್ಜಿಯಂನ ವಲೋನಿಯಾ, ಹೀಗೆ ಉತ್ತರದ ಪಟ್ಟಿ ಪೂರ್ತಿ ಉಳಿಸಿಕೊಂಡಿತು. ಅಲ್ಲಿ ಜರ್ಮ್ಯಾನಿಕ್ ಮಾತಾಡುವವರು ಜಾಸ್ತಿ ಇದ್ದರು, ಅಕ್ಕಪಕ್ಕದಲ್ಲೂ ಅವರೇ. ದುಂಡು ವ ಕಿವಿಗೆ ಹೊಸದಾಗಿರಲಿಲ್ಲ. ನಮ್ಮ ಗಡಿಜಿಲ್ಲೆಗಳ ಕನ್ನಡ ನೆನೆಸಿಕೊಳ್ಳಿ, ಅಷ್ಟೇ ಸಾಕು.

ಉತ್ತರದವರಿಗೆ ಇನ್ನೂ ಒಂದು ಗುರುತು ಇದೆ. ಲ್ಯಾಟಿನ್ನಿನ 'ಕ' ಪ್ಯಾರಿಸ್ ಕಡೆ 'ಚ' ಆಯಿತು, ಉತ್ತರದಲ್ಲಿ 'ಕ' ಆಗಿಯೇ ಉಳಿಯಿತು. ಬೆಕ್ಕಿಗೆ ಅಲ್ಲಿ 'ಕಾ', ಇಲ್ಲಿ 'ಶಾ'. ಷಾರ್ಲ್ ಜೊರೆ ಅನ್ನುವ ವಿದ್ವಾಂಸ 1883ರಲ್ಲಿ ಈ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿದ. ಅದಕ್ಕೆ ಇವತ್ತಿಗೂ ಜೊರೆ ಗೆರೆ ಅಂತಲೇ ಹೆಸರು. ಆ ಗೆರೆ ನಾರ್ಮಂಡಿಯ ನಡುವೆಯೇ ಹಾದುಹೋಗುತ್ತದೆ.

ಇಂಗ್ಲಿಷಿಗೆ ಎರಡೂ ಹೇಗೆ ಸೇರಿದವು?

1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ. ಕೋರ್ಟು, ಕಂದಾಯ, ಅಡುಗೆಮನೆ ಎಲ್ಲ ಕಡೆ ನಾರ್ಮನ್ನರ ಫ್ರೆಂಚು. ಬೈಯೂ ಊರಿನ ಆ ಹೆಸರಾಂತ ಕಸೂತಿ ಪಟದಲ್ಲಿ ಅವನ ಹೆಸರನ್ನು ಹೊಲಿದಿರುವುದೂ ವ ಇಟ್ಟೇ, 'ವಿಲ್ಲೆಲ್ಮ್'. ಇವತ್ತಿನ ಫ್ರೆಂಚರು ಅವನನ್ನೇ ಗಿಯೋಮ್ ಅನ್ನುತ್ತಾರೆ.

1154ರಲ್ಲಿ ಪಶ್ಚಿಮ ಫ್ರಾನ್ಸಿನ ಆಂಜೂ ಮನೆತನದ ಎರಡನೇ ಹೆನ್ರಿ ಪಟ್ಟಕ್ಕೆ ಬಂದ. 1204ರಲ್ಲಿ ನಾರ್ಮಂಡಿ ಇಂಗ್ಲೆಂಡಿನ ಕೈತಪ್ಪಿತು. ಅಲ್ಲಿಂದಾಚೆಗೆ ಫ್ರೆಂಚ್ ಅಂದರೆ ಪ್ಯಾರಿಸ್ಸಿನ ಫ್ರೆಂಚ್ ಅಂತಾಯಿತು. 'ವಾರಂಟ್' 13ನೇ ಶತಮಾನದ ಹೊತ್ತಿಗೆ, 'ವಾರಂಟಿ' 14ನೇ ಶತಮಾನಕ್ಕೆ ಇಂಗ್ಲಿಷಿನಲ್ಲಿ ಇದ್ದವು. ಗ್ಯಾರಂಟಿ ಕಾಣಿಸಿಕೊಂಡದ್ದು ತುಂಬ ತಡವಾಗಿ: ಒಂದು ರೂಪ 16ನೇ ಶತಮಾನದ ಕೊನೆಗೆ, ಈಗ ನಾವು ಕಾಣುವ ಎರಡು 'ಇ' ಬಾಲದ ರೂಪ 17ನೇ ಶತಮಾನದಲ್ಲಿ. ಸ್ಪ್ಯಾನಿಷಿನ 'ಗರಾಂತೆ'ಯ ಕೈವಾಡವೂ ಇರಬಹುದು ಅನ್ನುತ್ತಾರೆ.

ಸ್ಪೆಲ್ಲಿಂಗ್‌ನಲ್ಲಿ 'ಜಿ' ಆದಮೇಲೆ 'ಯು' ಯಾಕೆ ಇದೆ? ಉಚ್ಚಾರಣೆಯಲ್ಲಿ ಇಲ್ಲವಲ್ಲ.

ಆಗ ಕತ್ತರಿಸಿದ ಬಾಲದ ಗುರುತು ಅದು. ಗ್ವ ಇದ್ದ ಕಾಲದ ಬರವಣಿಗೆ. ಫ್ರೆಂಚರು ಈಗ ಈ ಪದದಲ್ಲಿ ಆ ಯು ಬರೆಯುವುದೇ ಇಲ್ಲ. ಇಂಗ್ಲಿಷರು ಇನ್ನೂ ಬರೆಯುತ್ತಾರೆ, ನಮ್ಮ ಮಕ್ಕಳು ಇನ್ನೂ ಕಲಿಯುತ್ತಾರೆ. 'ಗೆಸ್ಟ್', 'ಗಿಲ್ಟ್' ಪದಗಳಲ್ಲೂ ಆ ಯು ಇದೆ, ಆದರೆ ಅವು ಫ್ರೆಂಚ್ ಪದಗಳೇ ಅಲ್ಲ. ಫ್ರೆಂಚ್ ಶೈಲಿಯ ಬರವಣಿಗೆ ನೋಡಿ ಕಲಿತವರು ಅಲ್ಲೂ ತುರುಕಿದರು.

ಇಂಥ ಜೋಡಿಗಳು ಬೇರೆ ಇವೆಯಾ?

ಬೇಕಾದಷ್ಟು. ನನಗೆ ಇಷ್ಟವಾದದ್ದು ಹಾಸ್ಟೆಲ್ ಫಾರಂನಲ್ಲಿ ಸಿಕ್ಕಿತು. ತಮ್ಮನ ಮಗನನ್ನು ಪಿಯುಸಿಗೆ ಸೇರಿಸಲು ಹೋದಾಗ ಹಾಸ್ಟೆಲ್‌ನಲ್ಲಿ ಒಂದು ಹಾಳೆ ಕೊಟ್ಟರು. ಕೆಳಗೆ ಎರಡು ಗೆರೆ. ಎಡಗಡೆ 'ಲೋಕಲ್ ಗಾರ್ಡಿಯನ್ ಸಹಿ', ಬಲಗಡೆ 'ವಾರ್ಡನ್ ಸಹಿ'. ಗಾರ್ಡಿಯನ್, ವಾರ್ಡನ್ ಎರಡೂ ಒಂದೇ ಪದ! ಎಡಗಡೆ ನಿಂತಿರುವುದು ಪ್ಯಾರಿಸ್, ಬಲಗಡೆ ನಾರ್ಮಂಡಿ. ನಾನು ಎಡಗಡೆ ಸಹಿ ಹಾಕಿದೆ. ಪಕ್ಕದಲ್ಲಿ ನಿಂತಿದ್ದ ವಾರ್ಡನ್‌ಗೆ ಇದನ್ನೆಲ್ಲ ಹೇಳೋಣ ಅನ್ನಿಸಿತು, ಹಿಂದೆ ದೊಡ್ಡ ಸಾಲಿತ್ತು.

ಬ್ಯಾಂಕಿನಿಂದ ರಿವಾರ್ಡ್ ಪಾಯಿಂಟ್ ಬಂದಿದೆ ಅಂತ ಮೇಲ್ ಬರುತ್ತದೆ, ಕೊನೆಗೆ 'ರಿಗಾರ್ಡ್ಸ್' ಅಂತ ಇರುತ್ತದೆ. ರಿವಾರ್ಡ್ ಉತ್ತರದ್ದು, ರಿಗಾರ್ಡ್ ಪ್ಯಾರಿಸ್ಸಿನದು. ಎರಡಕ್ಕೂ ಮೂಲ ಅರ್ಥ ಗಮನಿಸಿ ನೋಡುವುದು. ಫ್ಲಾಟಿನ 'ವಾರ್ಡ್‌ರೋಬ್' ಉತ್ತರದ್ದು. ಅದರ ಪ್ಯಾರಿಸ್ ಜೋಡಿ 'ಗಾರ್ಡ್‌ರೋಬ್' ಇಂಗ್ಲಿಷಿನಲ್ಲಿ ಹಳೇ ಕೋಟೆಗಳ ಪಾಯಿಖಾನೆಯ ಹೆಸರಾಯಿತು. ಇಂಟೀರಿಯರ್ ಮಾಡಿಸುವವರು ಜಾಗ್ರತೆ.

ಮದುವೆ ಮನೆಯಲ್ಲಿ ಇನ್ನೂ ಚೆನ್ನಾಗಿದೆ. ಒತ್ತೆ, ಮಾತು ಕೊಡುವುದು ಅನ್ನುವ ಅರ್ಥದ ಒಂದು ಜರ್ಮ್ಯಾನಿಕ್ ಪದ ಇತ್ತು. ಅದು ಇಂಗ್ಲಿಷಿನ ಮನೆಯಲ್ಲೇ ಬೆಳೆದು 'ವೆಡ್ಡಿಂಗ್' ಆಯಿತು. ನಾರ್ಮಂಡಿ ಸುತ್ತಿ ಬಂದದ್ದು 'ವೇಜ್', ಅಂದರೆ ಕೂಲಿ. ಪ್ಯಾರಿಸ್ ಸುತ್ತಿ ಬಂದದ್ದು 'ಎಂಗೇಜ್‌ಮೆಂಟ್'. ಹುಡುಗ ಎಂಗೇಜ್ ಆಗಿ, ವೆಡ್ಡಿಂಗ್ ಮಾಡಿಕೊಂಡು, ವೇಜ್ ದುಡಿದು ತರುತ್ತಾನೆ. ಒಂದೇ ಪದ ಮೂರು ಸಲ.

'ಗೆರಿಲ್ಲಾ ಯುದ್ಧ'ದ ಗೆರಿಲ್ಲಾ ಸ್ಪ್ಯಾನಿಷ್, ಪುಟ್ಟ ಯುದ್ಧ ಅಂತ ಅರ್ಥ, ವಾರ್ ಪದದ ದಾಯಾದಿ. ಗೊರಿಲ್ಲಾಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಬೀದಿಯ 'ಗ್ಯಾರೇಜ್' ಕೂಡ ಈ ಕುಟುಂಬದ್ದೇ, ಕಾಪಾಡು ಅನ್ನುವ ಜರ್ಮ್ಯಾನಿಕ್ ಪದ ಫ್ರೆಂಚಿನಲ್ಲಿ ಗ ಆಗಿ ಬಂದದ್ದು.

ಹಾಗಾದರೆ 'ಗಾರ್ಡನ್' ಕೂಡ ಪ್ಯಾರಿಸ್ ಕಡೆಯದು, ಅಲ್ವಾ?

ಎಲ್ಲರೂ ಇಲ್ಲಿ ಬೀಳುತ್ತಾರೆ. ಅದು ಉಲ್ಟಾ. ಗಾರ್ಡನ್‌ನ ಮೂಲದಲ್ಲಿ ಇದ್ದದ್ದೇ ಗ, ವ ಅಲ್ಲ. ಉತ್ತರದವರು ಆ ಗ ಹಾಗೇ ಇಟ್ಟುಕೊಂಡರು. ಪ್ಯಾರಿಸ್ಸಿನವರು ಅದನ್ನು ಜ ಮಾಡಿದರು, ಅವರ ತೋಟ 'ಜಾರ್ದಾಂ'. ಹಾಗಾಗಿ ಗಾರ್ಡನ್ ನಾರ್ಮಂಡಿಯದು, ಅದನ್ನು ಕಾಯುವ ಗಾರ್ಡ್ ಪ್ಯಾರಿಸ್ಸಿನವನು.

ಇನ್ನೊಂದು ಗುಂಡಿ ಇದೆ. ಆಸ್ಪತ್ರೆಯ 'ವಾರ್ಡ್' ನಾರ್ಮನ್ನರು ತಂದದ್ದಲ್ಲ, ಅದು ಮೊದಲಿಂದ ಇಂಗ್ಲಿಷಿನಲ್ಲೇ ಇದ್ದ ಪದ. ಗಾರ್ಡ್‌ಗೆ ಅದು ದೂರದ ಅಣ್ಣ.

'ಕೋ ವಾರಂಟೋ' ರಿಟ್‌ನಲ್ಲಿರುವುದೂ ಇದೇನಾ?

ಇದೇ. ಕೆಪಿಎಸ್‌ಸಿ, ಐಎಎಸ್‌ಗೆ ಓದುವವರಿಗೆ ಐದು ರಿಟ್‌ಗಳು, ಅಂದರೆ ಕೋರ್ಟಿನ ಆದೇಶಗಳು, ಬಾಯಿಪಾಠ. ಸಂವಿಧಾನದ 32ನೇ ಮತ್ತು 226ನೇ ವಿಧಿಗಳಲ್ಲಿ ಬರುತ್ತವೆ. ಕೋ ವಾರಂಟೋ ಅಂದರೆ ಯಾವ ಅಧಿಕಾರದಿಂದ ಈ ಕುರ್ಚಿಯಲ್ಲಿ ಕೂತಿದ್ದೀಯ ಅಂತ ಕೇಳುವುದು. ನೋಡೋಕೆ ಪಕ್ಕಾ ಲ್ಯಾಟಿನ್. ಆದರೆ ಒಳಗಿನ ಪದ ಫ್ರಾಂಕರದು, ದನಿ ನಾರ್ಮನ್ನರದು. ಹಳೇ ರೋಮನ್ನರಿಗೆ ತೋರಿಸಿದ್ದರೆ ಇದು ಯಾವ ಭಾಷೆ ಅನ್ನುತ್ತಿದ್ದರು. ಲ್ಯಾಟಿನ್ ಲಿಪಿಯಲ್ಲಿ ಆ 'ಡಬ್ಲ್ಯು' ಅಕ್ಷರವೇ ಇರಲಿಲ್ಲ. ಜರ್ಮ್ಯಾನಿಕ್ ದನಿ ಬರೆಯಲು ಎರಡು 'ಯು' ಅಂಟಿಸಿ ಮಾಡಿಕೊಂಡದ್ದು ಅದು, ಹೆಸರೇ ಹೇಳುತ್ತದೆ.

'ಅರೆಸ್ಟ್ ವಾರಂಟ್'ನ ಅರೆಸ್ಟ್ ಕೂಡ ಫ್ರೆಂಚಾ?

ಹೌದು, ಅದರಲ್ಲಿ ಇನ್ನೊಂದು ಸತ್ತ ದನಿ ಇದೆ. ಫ್ರೆಂಚರು ಆಮೇಲೆ ವ್ಯಂಜನದ ಮುಂದಿನ 'ಸ'ಗಳನ್ನು ನುಂಗಿಬಿಟ್ಟರು. ಈಗ ಅವರು 'ಅರೆತೆ' ಅನ್ನುತ್ತಾರೆ. ನಮ್ಮ ಪೊಲೀಸರು ಹಳೇ ಫ್ರೆಂಚಿನ ಸ ಇಟ್ಟುಕೊಂಡೇ ಅರೆಸ್ಟ್ ಮಾಡುತ್ತಾರೆ.

ಇದೇ ಸ ಹೋಗಿದ್ದರಿಂದ ಹಾಸ್ಟೆಲ್, ಹೋಟೆಲ್ ಎರಡಾದವು. ಲ್ಯಾಟಿನ್ನಿನ 'ಹಾಸ್ಪಿಟಾಲೆ', ಅತಿಥಿಗಳಿಗೆ ಸಂಬಂಧಪಟ್ಟದ್ದು. ಅದರಿಂದ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಹುಟ್ಟಿದವು. ಹಾಸ್ಟೆಲ್ ಸ ಇದ್ದ ಕಾಲದ್ದು, ಹೋಟೆಲ್ ಸ ಹೋದ ಮೇಲಿನದು. ಫ್ರೆಂಚ್ ಅಕಾಡೆಮಿ 1740ರ ನಿಘಂಟಿನಲ್ಲಿ ಇಂಥ ಕಡೆ ಸ ತೆಗೆದು, ಅಕ್ಷರದ ತಲೆ ಮೇಲೊಂದು ಟೋಪಿ ಇಟ್ಟಿತು. ನಮ್ಮಲ್ಲಿ ಹೋಟ್ಲು ಅಂದರೆ ಇಡ್ಲಿ ವಡೆ. ಮಲಗುವ ಮಾತೇ ಇಲ್ಲ.

'ಚೀಫ್', 'ಶೆಫ್' ಕೂಡ ಇದೇ ಕಥೆಯಾ?

ಸ್ವಲ್ಪ ಬೇರೆ. ಅಲ್ಲಿ ಎರಡು ಊರಿಲ್ಲ, ಎರಡು ಕಾಲ. ಹಳೇ ಫ್ರೆಂಚಿನಲ್ಲಿ ಅದು ಚ. 13ನೇ ಶತಮಾನದ ಹೊತ್ತಿಗೆ ಚ ಮೆತ್ತಗಾಗಿ ಶ ಆಯಿತು. ಚೀಫ್ ಮೊದಲೇ ಬಂದಿದ್ದ. ಶೆಫ್ 19ನೇ ಶತಮಾನದಲ್ಲಿ ಅಡುಗೆಮನೆಯಿಂದ ಬಂದ. ಇಬ್ಬರೂ 'ತಲೆ' ಅನ್ನುವ ಅರ್ಥದ ಒಂದೇ ಪದ.

ಕನ್ನಡದಲ್ಲಿ ಹೀಗೆ ಆಗಿದೆಯಾ?

ಆಗಿದೆ, ನಾವು ಗಮನಿಸುವುದಿಲ್ಲ ಅಷ್ಟೇ. ಪಂಪನ ಕಾಲದ ಪಾಲ್, ಪುಲಿ, ಪೂ ಈಗ ಹಾಲು, ಹುಲಿ, ಹೂ. ತಮಿಳರು ಪ ಇಟ್ಟುಕೊಂಡರು, ನಾವು ಹ ಮಾಡಿಕೊಂಡೆವು. ಪಂಪಾ ಹೋಗಿ ಹಂಪಿ ಆಯಿತು. ಮೊದಲ ಪ ಹೋಯಿತು, ನಡುವಿನ ಪ ಉಳಿಯಿತು ನೋಡಿ. ಹತ್ತು ಅನ್ನುತ್ತೇವೆ, ಆದರೆ ಇಪ್ಪತ್ತರಲ್ಲಿ ಹಳೇ ಪತ್ತು ಇನ್ನೂ ಕೂತಿದೆ. ವ ವಿಷಯಕ್ಕೇ ಬಂದರೆ, ತಮಿಳರ ವೇರು, ವೀಡು ನಮ್ಮಲ್ಲಿ ಬೇರು, ಬೀಡು. ಅವರು 'ವಾ' ಅಂತ ಕರೆದರೆ ನಾವು 'ಬಾ' ಅನ್ನುತ್ತೇವೆ. ಫ್ರಾನ್ಸಿನಲ್ಲಿ ಪದದ ಮೊದಲ ವ ಗ ಆಯಿತು, ಇಲ್ಲಿ ಬ ಆಯಿತು.

ಜೋಡಿಯೂ ಇದೆ. ಸಂಸ್ಕೃತದ 'ಪರ್ವ' ಕನ್ನಡದ ಬಾಯಲ್ಲಿ ಪಬ್ಬ ಆಗಿ, ಹಬ್ಬ ಆಯಿತು. ಆಮೇಲೂ ಪರ್ವ ಅನ್ನುವ ರೂಪವನ್ನೇ ಬಳಸುತ್ತೇವೆ. ವರ್ಣ, ಬಣ್ಣ ಹಾಗೇ. ವಾರಂಟಿ, ಗ್ಯಾರಂಟಿ ನಮಗೆ ವಿಚಿತ್ರ ಅನ್ನಿಸಬೇಕಿಲ್ಲ. ಅಷ್ಟೇ ಅಲ್ಲ, ಹಳ್ಳಿ ಕಡೆ 'ಇಸ್ಕೂಲು' ಅನ್ನುವವರನ್ನು ನೋಡಿ ನಗುತ್ತಾರಲ್ಲ, ಫ್ರೆಂಚರು ಮಾಡಿದ್ದೂ ಅದನ್ನೇ. ಲ್ಯಾಟಿನ್ನಿನ 'ಸ್ಕೋಲಾ'ಗೆ ಮುಂದೊಂದು ಸ್ವರ ಸೇರಿಸಿ 'ಎಸ್ಕೋಲೆ' ಅಂದರು, ಆಮೇಲೆ ಸ ನುಂಗಿ 'ಎಕೋಲ್' ಮಾಡಿದರು.

'ಇವತ್ತು ಮಳೆ ಗ್ಯಾರಂಟಿ' ಅನ್ನುತ್ತೇವೆ. 'ಮಳೆ ವಾರಂಟಿ' ಯಾಕೆ ಅನ್ನುವುದಿಲ್ಲ?

ಗ್ಯಾರಂಟಿ ನಮ್ಮಲ್ಲಿ ಕಾಗದ ಬಿಟ್ಟು ಬಾಯಿಗೆ ಬಂದಿದೆ. ಖಂಡಿತ, ಖಾತ್ರಿ ಅನ್ನುವ ಜಾಗದಲ್ಲಿ ಕೂತಿದೆ. 2023ರ ಚುನಾವಣೆಯಲ್ಲಿ ಗೃಹಲಕ್ಷ್ಮಿ, ಗೃಹಜ್ಯೋತಿ, ಅನ್ನಭಾಗ್ಯ, ಯುವನಿಧಿ, ಶಕ್ತಿ ಸೇರಿ 'ಐದು ಗ್ಯಾರಂಟಿ' ಆದಮೇಲಂತೂ ಅದು ರೇಷನ್ ಅಂಗಡಿಯ ಮಾತು, ಬಸ್ಸಿನ ಮಾತು. ವಾರಂಟಿ ಇನ್ನೂ ಬಿಲ್ಲಿನ ಮೇಲೇ ಇದೆ. ಅದಕ್ಕೆ ಯಾವಾಗಲೂ ಒಂದು ತಾರೀಕು, ಒಂದು ಸೀಲು ಬೇಕು. ಮಳೆಗೆ ಸೀಲು ಎಲ್ಲಿ ಹಾಕಿಸೋದು?

ಒಂದಕ್ಕೆ 'ಗ್ಯಾ', ಇನ್ನೊಂದಕ್ಕೆ 'ವಾ' ಯಾಕೆ? 'ವ್ಯಾರಂಟಿ' ಅಂದರೆ ತಪ್ಪಾ?

ಕನ್ನಡದ ಬರವಣಿಗೆ ಇಲ್ಲಿ ಒಂದು ಸೂಕ್ಷ್ಮ ಹಿಡಿದಿದೆ. ಇಂಗ್ಲಿಷಿನ 'ಬ್ಯಾಂಕ್' ಪದದ ಸ್ವರ ನಮ್ಮಲ್ಲಿಲ್ಲ, ಹಾಗಾಗಿ ಯ ಒತ್ತು ಕೊಟ್ಟು ಸುಧಾರಿಸುತ್ತೇವೆ: ಬ್ಯಾಂಕ್, ಕ್ಯಾಮರಾ, ಗ್ಯಾರಂಟಿ. ಆದರೆ ಇಂಗ್ಲಿಷಿನಲ್ಲಿ ದುಂಡು ವ ಹಿಂದೆ ಬಂದರೆ ಆ ಸ್ವರವೂ ದುಂಡಗಾಗುತ್ತದೆ. 17ನೇ ಶತಮಾನದ ಸುಮಾರಿಗೆ ಆದ ಬದಲಾವಣೆ ಇದು. ಸ್ಪೆಲ್ಲಿಂಗ್‌ನಲ್ಲಿ ಬರೀ ಮೊದಲ ಅಕ್ಷರ ಬೇರೆ, ಆದರೂ ಒಂದು ಕ್ಯಾಚ್, ಇನ್ನೊಂದು ವಾಚ್. ಹಾಗೇ ವಾರಂಟಿ. ಗ ಬಂದ ಕಡೆ ದುಂಡು ವ ಇರಲಿಲ್ಲ, ಸ್ವರ ದುಂಡಗಾಗಲಿಲ್ಲ, ಗ್ಯಾ ಆಗಿ ನಮ್ಮ ತನಕ ಬಂತು. ಮುಂದೆ ಕ, ಗ ಬಂದರೆ ಈ ದುಂಡಗಾಗುವ ಆಟ ನಡೆಯುವುದಿಲ್ಲ, ಅದಕ್ಕೇ ರೈಲಿನದ್ದು ವ್ಯಾಗನ್, ವಾಗನ್ ಅಲ್ಲ.

ಇಂಗ್ಲಿಷ್ ಲೆಕ್ಕದಲ್ಲಿ ವ್ಯಾರಂಟಿ ಸರಿಯಲ್ಲ. ಆದರೆ ನನ್ನ ಮಿಕ್ಸಿ ಮೋಟಾರು ಎಂಟು ತಿಂಗಳಿಗೆ ಸುಟ್ಟು ಹೋದಾಗ ಸರ್ವೀಸ್ ಸೆಂಟರ್‌ನ ಹುಡುಗ "ವ್ಯಾರಂಟಿ ಕಾರ್ಡ್ ಕೊಡಿ ಸಾರ್" ಅಂದ. ನಾನು ತಿದ್ದಲಿಲ್ಲ. ಕಾರ್ಡ್ ಕೊಟ್ಟೆ.